ಬಾಲ್ಟಿಮೋರ್ ಹೈಪರ್‌ಟೆನ್ಷನ್ ಕಾನ್ಫರೆನ್ಸ್‌ಗೆ ಪೋಸ್ಟರ್ ಸೆಲೆಕ್ಟ್ ಆಗಿದೆ, ಸಾಲ ಮಾಡಿ ಹೋಗೋದಾ ಬಿಡೋದಾ?

ರಾಗಿಇಲಿ · ಜೂನ್ 2025

ಎಲ್ಲರಿಗೂ ನಮಸ್ಕಾರ, ಸುಮಾರು ದಿನದಿಂದ ಇಲ್ಲಿ ಬರೀ ಓದ್ಕೊಂಡಿದ್ದೆ, ಪೋಸ್ಟ್ ಹಾಕ್ತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ.

ನಾನು ಮೈಸೂರು ಕಡೆ ಫಾರ್ಮಕಾಲಜಿಲಿ ಪಿಎಚ್‌ಡಿ ಮಾಡ್ತಿದೀನಿ, ನಾಲ್ಕನೇ ವರ್ಷ. ಕೆಲಸ ಏನಂದ್ರೆ ಇಲಿಗಳಿಗೆ ಕುಡಿಯೋ ನೀರಲ್ಲಿ ಎಲ್-ನೇಮ್ ಅನ್ನೋ ಕೆಮಿಕಲ್ ಹಾಕಿ ಬಿಪಿ ಏರಿಸೋದು, ಅದು ರಕ್ತನಾಳ ಸಡಿಲ ಮಾಡೋ ನೈಟ್ರಿಕ್ ಆಕ್ಸೈಡ್ ತಯಾರಾಗೋದನ್ನೇ ತಡೆಯತ್ತೆ, ನಾಕೈದು ವಾರದಲ್ಲಿ ಬಿಪಿ ಜುಮ್ಮಂತ ಮೇಲಕ್ಕೆ ಹೋಗತ್ತೆ. ಆಮೇಲೆ ರಾಗಿ ಹೊಟ್ಟಿಂದ ತೆಗೆದ ಪಾಲಿಫಿನಾಲ್ ಕೊಟ್ಟು ಇಳಿಯತ್ತಾ ಅಂತ ನೋಡೋದು. ಇಳೀತು, ನಂಗೇ ಆಶ್ಚರ್ಯ ಆಗೋಷ್ಟು ಇಳೀತು. ಅದನ್ನ ಬರೆದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರ ಹೈಪರ್‌ಟೆನ್ಷನ್ ಸೈಂಟಿಫಿಕ್ ಸೆಷನ್ಸ್‌ಗೆ ಕಳಿಸಿದ್ದೆ, ನಿನ್ನೆ ರಾತ್ರಿ ಮೇಲ್ ಬಂತು, ಪೋಸ್ಟರ್ ಅಂತ ತಗೊಂಡಿದಾರೆ. ಸೆಪ್ಟೆಂಬರ್ 4ರಿಂದ 7, ಬಾಲ್ಟಿಮೋರ್.

ಸಮಸ್ಯೆ ಗೊತ್ತೇ ಇದೆ, ದುಡ್ಡು. ಫೆಲೋಶಿಪ್ ಮೂರು ತಿಂಗಳಿಂದ ಬಂದಿಲ್ಲ, ಟಿಕೆಟ್ಟು ರಿಜಿಸ್ಟ್ರೇಷನ್ನು ರೂಮು ಎಲ್ಲಾ ಸೇರಿ ನನ್ನ ಲೆಕ್ಕದಲ್ಲಿ ಎರಡೂವರೆ ಲಕ್ಷಕ್ಕೆ ಕಮ್ಮಿ ಆಗಲ್ಲ. ಗೈಡು ಹೋಗಮ್ಮ ಹೋಗು ಅಂತಾರೆ, ಆದ್ರೆ ಜೇಬಿಗೆ ಕೈ ಹಾಕಲ್ಲ. ಮನೇಲಿ ಅಪ್ಪ, ಅವರಿಗೇ ಹತ್ತು ವರ್ಷದಿಂದ ಬಿಪಿ, ಹೇಳಿದ್ದು ಇಷ್ಟು: "ಉಪ್ಪು ಕಮ್ಮಿ ತಿನ್ನಿ ಅಂತ ಹೇಳಿಸ್ಕೊಳಕ್ಕೆ ಅಲ್ಲೀತನಕ ಹೋಗ್ಬೇಕಾ?"

ಹೋಗಿ ಬಂದವರು ಯಾರಾದ್ರೂ ಇದ್ರೆ ಹೇಳಿ. ನಾಲ್ಕು ದಿನ ಅಲ್ಲಿ ನಿಜವಾಗ್ಲೂ ಏನ್ ನಡಿಯತ್ತೆ? ಪೋಸ್ಟರ್ ಮುಂದೆ ನಿಂತಾಗ ಏನ್ ಕೇಳ್ತಾರೆ? ಇಲ್ಲಾ ಸುಮ್ನೆ ನಮ್ಮ ದೇಶದಲ್ಲೇ ನಡಿಯೋ ಬಿಪಿಕಾನ್ ಅನ್ನೋ ಬಿಪಿ ಕಾನ್ಫರೆನ್ಸ್‌ಗೆ ಹಾಕಿ ರೈಲಲ್ಲಿ ಹೋಗಿ ಬರೋದು ವಾಸಿನಾ?

---

ಓಹಾಯೋ_ಒಗ್ಗರಣೆ

ಮೊದಲು ಕಂಗ್ರಾಟ್ಸ್. ನಾನು ಇಲ್ಲಿ ಪೋಸ್ಟ್‌ಡಾಕ್, ಕಿಡ್ನಿ ಮತ್ತೆ ಉಪ್ಪು ನನ್ನ ಸಬ್ಜೆಕ್ಟು, ಇದೇ ಮೀಟಿಂಗ್‌ಗೆ 2023ರಲ್ಲಿ ಬಾಸ್ಟನ್‌ಗೆ ಹೋಗಿದ್ದೆ, ಹೋದ ವರ್ಷ ಚಿಕಾಗೋಗೆ.

ಒಂದು ಕನ್‌ಫ್ಯೂಷನ್ ಮೊದ್ಲೇ ಬಿಡಿಸ್ಬಿಡ್ತೀನಿ. ಹಾರ್ಟ್ ಅಸೋಸಿಯೇಷನ್ನಿಂದು ನವೆಂಬರಲ್ಲಿ ಇನ್ನೊಂದು ದೊಡ್ಡ ಮೀಟಿಂಗ್ ಇದೆ, ಅದು ದಸರಾ ಜಂಬೂ ಸವಾರಿ ಥರ, ನಿಮ್ಮ ಪೋಸ್ಟರ್ ಆ ಜನದಲ್ಲಿ ಎಲ್ಲೋ ಕಳೆದೋಗತ್ತೆ. ಸೆಪ್ಟೆಂಬರಲ್ಲಿ ಆಗೋ ಇದು ಬರೀ ಬಿಪಿಯವರದು, ಚಿಕ್ಕದು, ನಾಲ್ಕು ದಿನದಲ್ಲಿ ಅದೇ ಮುಖ ಹತ್ತು ಸಲ ಎದುರಿಗೆ ಬರತ್ತೆ, ನೀವು ಯಾರ ಪೇಪರ್ ಓದಿ ಥೀಸಿಸ್ ಬರೆದ್ರೋ ಅವರೇ ಕಾಫಿ ಕ್ಯೂನಲ್ಲಿ ನಿಮ್ಮ ಹಿಂದೆ ನಿಂತಿರ್ತಾರೆ. ಇದರ ಬೇರು ಹಳೇದು. 1945ರಲ್ಲಿ ಕ್ಲೀವ್‌ಲ್ಯಾಂಡಲ್ಲಿ ಅರ್ವಿನ್ ಪೇಜ್ ಅನ್ನೋ ಡಾಕ್ಟ್ರು ಒಂದಷ್ಟು ಉದ್ಯಮಿಗಳನ್ನ ಸೇರಿಸ್ಕೊಂಡು ಬಿಪಿ ರಿಸರ್ಚ್‌ಗೇ ಅಂತ ಒಂದು ಫೌಂಡೇಷನ್ ಮಾಡಿದ್ರು, 1949ರಲ್ಲಿ ಅದು ಹಾರ್ಟ್ ಅಸೋಸಿಯೇಷನ್ ಒಳಗೆ ಸೇರಿ ಹೈ ಬ್ಲಡ್ ಪ್ರೆಷರ್ ರಿಸರ್ಚ್ ಕೌನ್ಸಿಲ್ ಆಯ್ತು. ಈಗ ಹೆಸರು ಹೈಪರ್‌ಟೆನ್ಷನ್ ಕೌನ್ಸಿಲ್.

ಆ ಪೇಜ್ ಕಥೆ ಚೆನ್ನಾಗಿದೆ, ಹೇಳ್ಬಿಡ್ತೀನಿ. ಕಿಡ್ನಿ ಬಿಡೋ ರೆನಿನ್ ಅನ್ನೋ ಕಿಣ್ವದಿಂದ ಹುಟ್ಟೋ, ಬಿಪಿ ಏರಿಸೋ ಒಂದು ವಸ್ತುವನ್ನ ಇವರ ಗುಂಪು ಅಮೆರಿಕಾದಲ್ಲೂ, ಬ್ರೌನ್-ಮೆನೆಂಡೆಜ್ ಗುಂಪು ಅರ್ಜೆಂಟೀನಾದಲ್ಲೂ ಹತ್ರಹತ್ರ ಒಂದೇ ಹೊತ್ತಿಗೆ ಕಂಡುಹಿಡಿದ್ರು. ಇವರು ಆಂಜಿಯೋಟೋನಿನ್ ಅಂದ್ರು, ಅವರು ಹೈಪರ್‌ಟೆನ್ಸಿನ್ ಅಂದ್ರು, ಹತ್ತಿಪ್ಪತ್ತು ವರ್ಷ ಎರಡೂ ಹೆಸರು ಓಡ್ತು, ಕೊನೆಗೆ 1958ರಲ್ಲಿ ಕೂತು ಅರ್ಧ ನಂದು ಅರ್ಧ ನಿಂದು ಅಂತ ಆಂಜಿಯೋಟೆನ್ಸಿನ್ ಮಾಡ್ಕೊಂಡ್ರು. ಆಸ್ತಿ ಪಾಲು ಹಂಚ್ಕೊಂಡಂಗೆ! ನಿಮ್ಮಪ್ಪ ಟೆಲ್ಮಿಸಾರ್ಟಾನ್ ಅನ್ನೋ ಬಿಪಿ ಮಾತ್ರೆ ತಗೊಳ್ತಿದ್ರೆ ಅದು ಅಡ್ಡಗಟ್ಟೋದು ಇದನ್ನೇ, ಹೇಳಿ ಅವರಿಗೆ.

ಈಗ ಮುಖ್ಯ ವಿಷಯ. ಪೋಸ್ಟರ್ ಮುಂದೆ ಏನ್ ಕೇಳ್ತಾರೆ ಅಂದ್ರಲ್ಲ, ರಾಗಿ ಬಗ್ಗೆ ಆಮೇಲೆ ಕೇಳ್ತಾರೆ. ಮೊದಲನೇ ಪ್ರಶ್ನೆ ಬರೆದಿಟ್ಕೊಳಿ: ಬಿಪಿ ಹೆಂಗೆ ಅಳೆದ್ರಿ? ಬಾಲಕ್ಕೆ ಕಫ್ ಹಾಕಿ ಅಳೆದಿದ್ರೆ ಪೋಸ್ಟರ್ ಅರ್ಧ ಅಲ್ಲೇ ಮುಗೀತು ಅಂತ ಮುಖ ಮಾಡೋರು ಇರ್ತಾರೆ. ಇಲಿನ ಬಿಸಿ ಮಾಡಿ, ಕೊಳವೆ ಒಳಗೆ ತುರುಕಿ, ಬಾಲ ಹಿಂಡಿ ಅಳೆದ್ರೆ ನೀವು ಅಳೀತಿರೋದು ಬಿಪಿನೋ ಇಲಿಯ ಗಾಬರಿನೋ ಅಂತ ಅವರ ವಾದ. ಹೊಟ್ಟೆ ಒಳಗೆ ಟ್ರಾನ್ಸ್‌ಮಿಟರ್ ಇಟ್ಟು ಇಲಿ ತನ್ನ ಪಾಡಿಗೆ ಓಡಾಡ್ಕೊಂಡಿರ್ವಾಗ ಹಗಲೂ ರಾತ್ರಿ ಅಳೆಯೋ ಟೆಲಿಮೆಟ್ರಿನೇ ಸರಿ ಅಂತ ಹಾರ್ಟ್ ಅಸೋಸಿಯೇಷನ್ ಸಮಿತಿ 2005ರಲ್ಲೇ ಬರೆದಿದೆ. ಬಾಲದ ಕಫ್ ಪೂರ್ತಿ ಬೇಡ ಅಂತ ಅವರೂ ಅನ್ನಲಿಲ್ಲ, ದೊಡ್ಡ ವ್ಯತ್ಯಾಸ ಜರಡಿ ಹಿಡಿಯೋಕೆ ಸಾಕು, ಸೂಕ್ಷ್ಮ ಲೆಕ್ಕಕ್ಕೆ ಸಾಲದು ಅಷ್ಟೆ. ನೀವು ಯಾವ್ದರಲ್ಲಿ ಅಳೆದ್ರಿ?

ಇನ್ನೊಂದು, ಮೈಸೂರು ಅಂದ್ರಿ ಅಂತ ನೆನಪಾಯ್ತು. ನಿಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ತೊಂಬತ್ತರ ದಶಕದಲ್ಲಿ ಅರಿಶಿನ, ಮೆಣಸಿನಕಾಯಿ ಖಾರದ ಮೇಲೆ ಕೆಲಸ ಮಾಡಿದ ಬೀನಾ ಜೋ ಈಗ ಇಲ್ಲಿ ಟೊಲೆಡೋದಲ್ಲಿ ಬಿಪಿ ರಿಸರ್ಚ್‌ನ ದೊಡ್ಡ ಹೆಸರು. ಉಪ್ಪು ತಿಂದ್ರೆ ಬಿಪಿ ಏರೋ ಡಾಲ್ ಇಲಿಗಳಿವೆಯಲ್ಲ, ಅವುಗಳಿಗೆ ಉಪ್ಪು ಜಾಸ್ತಿ ಕೊಟ್ರೆ ಉಪವಾಸದಲ್ಲಿ ಲಿವರ್ ಮಾಡೋ ಒಂದು ಕೀಟೋನ್ ಕಮ್ಮಿ ಆಗತ್ತೆ, ಅದನ್ನ ವಾಪಸ್ ಏರೋ ಹಾಗೆ ಮಾಡಿದ್ರೆ ಬಿಪಿ ಇಳಿಯತ್ತೆ ಅಂತ ಅವರ ಲ್ಯಾಬು 2018ರಲ್ಲಿ ತೋರಿಸ್ತು. ಆಹಾರದಿಂದ ಬಿಪಿಗೆ ಬಂದವರು ಅಲ್ಲಿ ಒಬ್ಬಿಬ್ಬರಲ್ಲ, ಸಂಕೋಚ ಬೇಡ.

---

ಗುಡ್ಡದಮಲ್ಲಿಗೆ

ಎಲ್ಲಾ ಫಾರ್ಮಾ ಕಂಪನಿ ಜಾತ್ರೆ ಕಣ್ರೀ. ಇವರು ಕೂತು ಬಿಪಿ ನಂಬರ್ ಇಳಿಸ್ತಾರೆ, 140 ಇತ್ತು, 130 ಮಾಡಿದ್ರು, ರಾತ್ರೋರಾತ್ರಿ ಕೋಟಿ ಜನ ರೋಗಿ ಆದ್ರು. ನಮ್ಮ ಸರ್ಪಗಂಧಿನ ಕದ್ಕೊಂಡು ಹೋಗಿ ಮಾತ್ರೆ ಮಾಡಿ ನಮಗೇ ಮಾರಿದವರು ಇವರು.

---

ಓಹಾಯೋ_ಒಗ್ಗರಣೆ

ಮಲ್ಲಿಗೆಯವರೇ, ಕಂಪನಿ ಸ್ಟಾಲ್ ಇರ್ತವೆ, ಸುಳ್ಳು ಹೇಳಲ್ಲ, ಆದ್ರೆ ಸರ್ಪಗಂಧಿ ವಿಷಯ ಪೂರ್ತಿ ಹೇಳಿ. 1931ರಲ್ಲೇ ಕಲ್ಕತ್ತಾದ ಸೇನ್ ಮತ್ತೆ ಬೋಸ್ ಅದರ ಬೇರು ಬಿಪಿ ಇಳಿಸತ್ತೆ ಅಂತ ಬರೆದ್ರು, ಹೊರಗಡೆ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 1949ರಲ್ಲಿ ಬಾಂಬೆಯ ರುಸ್ತಮ್ ಜಾಲ್ ವಕೀಲ್ 50 ಜನ ರೋಗಿಗಳಿಗೆ ಕೊಟ್ಟು, ಅಳೆದು, ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಹಾಕಿದ್ಮೇಲೆ ಜಗತ್ತು ತಿರುಗಿ ನೋಡ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಅನ್ನೋ ಔಷಧಿ ಅಂಶ ಬೇರ್ಪಡಿಸಿದ್ರು, 1957ರಲ್ಲಿ ವಕೀಲ್ ಅವರಿಗೆ ಲ್ಯಾಸ್ಕರ್ ಪ್ರಶಸ್ತಿ ಬಂತು. ಕದ್ದಿದ್ದು ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ವಕೀಲ್ ಹೆಸರೇ ಹೋಗ್ಬಿಡತ್ತೆ.

ಆಮೇಲೆ ಬಿಪಿ ಇಳಿಸಿದ್ರೆ ಜೀವ ಉಳಿಯತ್ತೆ ಅಂತ ಮೊದಲು ಗಟ್ಟಿಯಾಗಿ ಪ್ರೂವ್ ಮಾಡಿದ ಟ್ರಯಲ್ಲು, ಎಡ್ವರ್ಡ್ ಫ್ರೈಸ್ ಅವರು ಅಮೆರಿಕಾದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮಾಡಿದ್ದು, 1967ರದು, ಅದರಲ್ಲಿ ಕೊಟ್ಟ ಮೂರು ಔಷಧಿಲಿ ಒಂದು ಇದೇ ರಿಸರ್ಪಿನ್. ಕೆಳಗಿನ ಬಿಪಿ 115ರಿಂದ 129 ಇದ್ದ 143 ಜನ ಗಂಡಸರು. ಔಷಧಿನೇ ಇಲ್ಲದ ಸುಮ್ಮನೆ ಮಾತ್ರೆ ತಗೊಂಡ ಗುಂಪಲ್ಲಿ 27 ಜನಕ್ಕೆ ಗಂಭೀರ ತೊಂದರೆ, ಔಷಧಿ ತಗೊಂಡ ಗುಂಪಲ್ಲಿ 2 ಜನಕ್ಕೆ. ಅದಕ್ಕೆ ಮುಂಚೆ ವಯಸ್ಸಾದ್ಮೇಲೆ ಬಿಪಿ ಏರೋದು ಸಹಜ, ಇಳಿಸಿದ್ರೇನೇ ಅಪಾಯ ಅನ್ನೋ ಡಾಕ್ಟ್ರುಗಳೇ ಜಾಸ್ತಿ ಇದ್ರು.

---

ತಾಲೂಕ್_ಡಾಕ್ಟರ್

ನಾ ಧಾರವಾಡ ಕಡೆ ಒಂದ್ ತಾಲೂಕಿನ್ಯಾಗ ಅದೀನ್ರಿ, ಊರ ಹೆಸರ ಬ್ಯಾಡ. ಮಲ್ಲಿಗೆಯವ್ರ ಮಾತ ಪೂರ್ತಿ ತಗದ ಒಗಿಯೂ ಹಂಗಿಲ್ಲ, ಆದ್ರ ನನ್ನ ಸಿಟ್ಟು ಬ್ಯಾರೆ ಕಡಿ ಐತಿ.

ಆ 130, 120 ನಂಬರ ಎಲ್ಲಿಂದ ಬಂತ್ರಿ? ಸ್ಪ್ರಿಂಟ್ ಟ್ರಯಲ್, 9361 ಮಂದಿ, ಮ್ಯಾಲಿನ ಬಿಪಿ 120ಕ್ಕಿಂತ ಕೆಳಗ ತಂದವ್ರಿಗೆ 140ರವ್ರಕಿಂತ ಹಾರ್ಟ್ ಅಟ್ಯಾಕು ಸ್ಟ್ರೋಕು ಎಲ್ಲಾ ಕೂಡಿಸಿ ಕಾಲು ಭಾಗ ಕಮ್ಮಿ, ಚೊಲೋ ಫಲ ಸಿಕ್ತಂತ 2015ರಾಗ ನಡಕ ನಿಲ್ಲಿಸಿಬಿಟ್ರು. ಖರೇ ಐತಿ, ದೊಡ್ಡ ಕೆಲಸ. ಆದ್ರ ಅಲ್ಲಿ ಬಿಪಿ ಹ್ಯಾಂಗ ನೋಡಿದ್ರು? ಕುರ್ಚಿಮ್ಯಾಲ ಬೆನ್ನ ಆನಿಸಿ ಕುಂದ್ರಿಸಿ, ಐದು ಮಿನಿಟ ಸುಮ್ಮನ ಬಿಟ್ಟು, ಮಷಿನ್ ತಾನ ಮೂರ ಸಲ ನೋಡಿ ಸರಾಸರಿ ತಗೀತಿತ್ತು. ನಮ್ಮಲ್ಲೆ ಸೋಮವಾರ ಸಂತಿ ದಿನ ಓಪಿಡಿ ಬಂದ ನೋಡ್ರಿ. ಹೊರಗ ಅರವತ್ತ ಮಂದಿ, ಒಳಗ ಹದಿನೈದ ಮಂದಿ, ಮುದುಕ ಬಸ್ ಇಳದು ಬಿಸಲಾಗ ನಡಕೊಂಡ ಬಂದಾನ, ಬೆಂಚಿನ ತುದಿಮ್ಯಾಲ ಕುಂತಾನ, ಕೈ ಜೋತ ಬಿದ್ದೈತಿ, ಅಂಗಿ ತೋಳು ಮ್ಯಾಲ ಏರಿಸಿ ಸಿಸ್ಟರ್ ಕಫ್ ಕಟ್ಟಾಕತ್ಯಾಳ, ಅಂವ ಮಗನ ಜೋಡಿ ಹೊಲದ ಜಗಳ ಮಾತಾಡಾಕತ್ಯಾನ. 162 ಬಂತು. ಬರದೆ ಅದನ್ನ. ಗುಳಿಗಿ ಹೆಚ್ಚಿಸಬೇಕೋ ಬ್ಯಾಡೋ ಹೇಳ್ರಿ ನೋಡೂಣು?

ನೀವು ಹೊಂಟಿರೋ ಬಾಲ್ಟಿಮೋರದಾಗ ಜಾನ್ಸ್ ಹಾಪ್ಕಿನ್ಸ್ ಐತಲ್ರಿ, ಅವ್ರ ಇದನ್ನ ಅಳದಾರ. ಕೈ ಟೇಬಲ್ ಮ್ಯಾಲ ಇಡೂ ಬದ್ಲಿ ತೊಡಿಮ್ಯಾಲ ಇಟ್ರ ಮ್ಯಾಲಿನ ಬಿಪಿ ಸುಮಾರ 4 ಹೆಚ್ಚ ತೋರಿಸ್ತೈತಿ, ಜೋತ ಬಿಟ್ರ ಆರೂವರಿ. 2024ರಾಗ ಬಂತು ಅದು. ಅದಕ್ಕಿಂತ ಒಂದ ವರ್ಷ ಹಿಂದ ಅವ್ರದ ಕಫ್ ಸೈಜಿಂದು, ದಪ್ಪ ತೋಳಿನವ್ರಿಗೆ ಎಕ್ಸ್‌ಟ್ರಾ ಲಾರ್ಜ್ ಕಟ್ಟೂ ಬದ್ಲಿ ಮಾಮೂಲಿ ಕಫ್ ಕಟ್ಟಿದ್ರ ಹತ್ತಿರ ಹತ್ತಿರ 20 ಹೆಚ್ಚ! ಇಪ್ಪತ್ತು ರೀ! ಎರಡ ಗುಳಿಗಿ ಕೆಲಸ ಅದು. ನಮ್ಮಲ್ಲೆ ಇರೂದ ಒಂದ ಕಫ್, ವೆಲ್ಕ್ರೋ ಹರದು ಹೋಗೈತಿ, ಪ್ಲಾಸ್ಟರ್ ಹಚ್ಚೀವಿ. ಇಂಡೆಂಟ್ ಹಾಕಿ ವರ್ಷ ಆತು.

ಅದಕ್ಕ ತಂಗಿ, ಹೋಗವ್ವಾ ನೀನು. ಹೋಗಿ ಆ ಅಳತಿ ಮಾಡೂ ಮಂದೀನ ಹುಡುಕು. ಹೊಸ ಗುಳಿಗಿ ಸುದ್ದಿ ನಮಗ ಔಷಧ ಕಂಪನಿ ಎಂಆರ್‌ಗಳು ತಾವ ಬಂದ ಹೇಳ್ತಾರ, ಕಫ್ ಸುದ್ದಿ ಹೇಳೂವ್ರ ಯಾರಿಲ್ಲ.

---

ವೀಸಾ_ಭಟ್ರು

ಪ್ರಾಕ್ಟಿಕಲ್ ಮಾತು ಯಾರೂ ಹೇಳ್ಲಿಲ್ಲ ಮಾರಾಯ್ರೆ. ಬೆಂಗಳೂರಲ್ಲಿ ಅಮೆರಿಕಾ ಕಾನ್ಸುಲೇಟ್ ಜನವರಿಲಿ ಉದ್ಘಾಟನೆ ಆಯ್ತು ಅಂತ ಖುಷಿ ಪಡ್ಬೇಡಿ, ವೀಸಾ ಕೆಲಸ ಅಲ್ಲಿ ಶುರು ಆಗ್ಲಿಲ್ಲ, ಚೆನ್ನೈಗೋ ಹೈದರಾಬಾದ್‌ಗೋ ಹೋಗ್ಲೇಬೇಕು. ಇವತ್ತೇ ರಾತ್ರಿ ವೀಸಾ ಅರ್ಜಿ ಡಿಎಸ್-160 ತುಂಬಿ, ಸ್ಲಾಟ್ ಹಿಡೀರಿ, ಆಮೇಲೆ ದುಡ್ಡಿನ ಯೋಚನೆ. ಕಾನ್ಫರೆನ್ಸ್‌ನವರ ಹತ್ರ ಆಹ್ವಾನ ಪತ್ರ ಕೇಳಿ ತಗೊಳ್ಳಿ.

ದುಡ್ಡಿಗೆ ರಿಸರ್ಚ್‌ಗೆ ಹಣ ಕೊಡೋ ಸರ್ಕಾರಿ ಸಂಸ್ಥೆಗಳಿವೆ: ಎಎನ್‌ಆರ್‌ಎಫ್, ಅದೇ ಹಳೇ ಸರ್ಬ್, ಅವರ ಟ್ರಾವೆಲ್ ಸ್ಕೀಮು, ಸಿಎಸ್‌ಐಆರ್‌ದು, ಐಸಿಎಂಆರ್‌ದು, ಎಲ್ಲಾ ಕಡೆ ಕೊನೇ ದಿನಾಂಕ ಈಗ್ಲೇ ನೋಡಿ, ಕೌನ್ಸಿಲ್‌ನವರು ಹೊಸಬರಿಗೆ ಅಂತ ಕೊಡೋ ಟ್ರಾವೆಲ್ ಅವಾರ್ಡ್ ಬಗ್ಗೆಯೂ ಮೇಲ್ ಹಾಕಿ ಕೇಳಿ, ಕೇಳಿದ್ರೆ ಕಳ್ಕೊಳ್ಳೋದು ಏನಿಲ್ಲ. ಪೋಸ್ಟರ್ ಬಟ್ಟೆ ಮೇಲೆ ಪ್ರಿಂಟ್ ಹಾಕ್ಸಿ ಮಡಚಿ ಕ್ಯಾಬಿನ್ ಬ್ಯಾಗಲ್ಲಿ ಇಟ್ಕೊಳ್ಳಿ. ನನ್ನ ಕಾಗದದ ಪೋಸ್ಟರು ಆ ಉದ್ದ ಕೊಳವೆ ಸಮೇತ ದೋಹಾದಲ್ಲಿ ಉಳ್ಕೊಂಡಿತ್ತು, ನಾನು ಮಾತ್ರ ಹೋಗಿ ಖಾಲಿ ಬೋರ್ಡ್ ಮುಂದೆ ಲ್ಯಾಪ್‌ಟಾಪ್ ಹಿಡ್ಕೊಂಡು ನಿಂತಿದ್ದೆ, ಸೋಪ್ ಮಾರೋರ ಥರ.

---

ರಾಗಿಇಲಿ

ಒಗ್ಗರಣೆ ಸಾರ್, ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಳೋಕೆ ಎರಡು ದಿನ ಬೇಕಾಯ್ತು. ಬಾಲದ ಕಫ್ಫೇ.

ಟೆಲಿಮೆಟ್ರಿ ನಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರೂ ಕಣ್ಣಲ್ಲಿ ನೋಡಿಲ್ಲ. ಆದ್ರೆ ಸುಮ್ಮನೆ ಹಿಡಿದು ಅಳೆದಿದ್ದಲ್ಲ. ಶುರು ಮಾಡೋಕೆ ಮುಂಚೆ ಹತ್ತು ದಿನ ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಇಲಿಗಳನ್ನ ಕೊಳವೆಗೆ ಬಿಟ್ಟು ಅಭ್ಯಾಸ ಮಾಡಿಸಿದ್ದೆ, ಮೊದಲ ಎರಡು ದಿನ ಒಳಗಡೆನೇ ಒದ್ದಾಡಿ ತಿರುಗಿ ನನ್ನ ಕಡೆ ಮುಖ ಮಾಡ್ಕೊಂಡು ಕೂರ್ತಿದ್ವು, ಏಳನೇ ದಿನದ ಹೊತ್ತಿಗೆ ತಾವೇ ನಡ್ಕೊಂಡು ಹೋಗಿ ಮೂಗು ಆ ತೂತಲ್ಲಿ ಇಟ್ಕೊಂಡು ನಿಲ್ತಿದ್ವು. ಬಾಲ ಬೆಚ್ಚಗಾಗಿ ಗುಲಾಬಿ ಬಣ್ಣಕ್ಕೆ ಬಂದ್ಮೇಲೇ ಕಫ್. ಮೊದಲ ಮೂರು ರೀಡಿಂಗ್ ಲೆಕ್ಕಕ್ಕಿಲ್ಲ. ಇಷ್ಟೆಲ್ಲಾ ಮಾಡಿದೀನಿ.

ಮಾಡದೇ ಇದ್ದಿದ್ದು ಒಂದು. ಯಾವ ಇಲಿಗೆ ರಾಗಿ ಕೊಟ್ಟಿದೆ ಅಂತ ನಂಗೆ ಗೊತ್ತಿತ್ತು, ಅಳೆದೋಳೂ ನಾನೇ. ರಾಗಿ ಇಲಿ ಜಾಸ್ತಿ ತೋರಿಸಿದ್ರೆ "ಅಲ್ಲಾಡ್ತು, ಇನ್ನೊಂದ್ಸಲ" ಅಂದಿದೀನಾ? ಅಂದಿರ್ಬಹುದು. ತಾಲೂಕ್ ಡಾಕ್ಟ್ರು 162 ಬರೆದ ಕಥೆ ಓದಿದ್ಮೇಲೆ ಹಳೇ ನೋಟ್‌ಬುಕ್ ತೆಗೆದು ಕೂತೆ, ಮೂರು ಕಡೆ ರೀಡಿಂಗ್ ಹೊಡೆದಾಕಿ ಪಕ್ಕದಲ್ಲಿ "ರಿಪೀಟ್" ಅಂತಿದೆ, ಮೂರೂ ರಾಗಿ ಗುಂಪು. ಹೊಟ್ಟೆ ಕಲಸ್ದಂಗಾಯ್ತು.

ಈಗ ಜೂನಿಯರ್ ಹುಡುಗಿ ಹತ್ರ ಪಂಜರಗಳಿಗೆ ಬರೀ ನಂಬರ್ ಹಾಕ್ಸಿ, ಪಟ್ಟಿ ಅವಳ ಹತ್ರನೇ ಇಟ್ಟು, ಹೊಸದಾಗಿ ಹನ್ನೆರಡು ಇಲಿಗೆ ಶುರು ಮಾಡಿದೀನಿ. ಚೆನ್ನೈ ಸ್ಲಾಟ್ ಸಿಕ್ಕಿದೆ. ಅಕ್ಕ ಒಂದು ಬಳೆ ಅಡ ಇಟ್ಟಿದಾಳೆ, ಅಪ್ಪಂಗೆ ಹೇಳಿಲ್ಲ.

---

ಅಡಿಕೆತೋಟ

ಟಾಪಿಕ್ ಬಿಟ್ಟು ಕೇಳ್ತಿದೀನಿ, ಸಾರಿ. ಅಂಗಡೀಲಿ ಕಮ್ಮಿ ಸೋಡಿಯಂ ಉಪ್ಪು ಅಂತ ಬಂದಿದೆಯಲ್ಲ, ನಮ್ಮನೇಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ದೆ ಊಟ ಇಳಿಯಲ್ಲ, ಅದಕ್ಕೆ ಇದನ್ನ ಹಾಕ್ಬಹುದಾ? ಅಮ್ಮಂಗೆ ಬಿಪಿ.

---

ತಾಲೂಕ್_ಡಾಕ್ಟರ್

ಅದರಾಗ ಸೋಡಿಯಂ ಸ್ವಲ್ಪ ತಗದು ಪೊಟ್ಯಾಸಿಯಂ ಹಾಕಿರ್ತಾರ್ರಿ. ಚೀನಾದ 600 ಹಳ್ಯಾಗ 20,995 ಮಂದಿಗೆ ಕೊಟ್ಟ ನೋಡ್ಯಾರ, ಮುಕ್ಕಾಲು ಮಾಮೂಲಿ ಉಪ್ಪು, ಕಾಲು ಪೊಟ್ಯಾಸಿಯಂ, ಸ್ಟ್ರೋಕ್ 14 ಪರ್ಸೆಂಟ್ ಕಮ್ಮಿ ಆತು, 2021ರಾಗ. ಆದ್ರ ಅಮ್ಮಗ ಕಿಡ್ನಿ ತ್ರಾಸ ಇದ್ರ, ಇಲ್ಲಾ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇಂಥಾವು ನಡದಿದ್ರ ಡಾಕ್ಟರ್‌ನ ಕೇಳದ ಹಾಕಬ್ಯಾಡ್ರಿ, ಪೊಟ್ಯಾಸಿಯಂ ಏರಿದ್ರ ಹಾರ್ಟಿನ ಬಡಿತಾನ ಕೆಡತೈತಿ. ಉಪ್ಪಿನಕಾಯಿ ಕೆಡತೈತೋ ಇಲ್ಲೋ ನನಗ ಕೇಳಬ್ಯಾಡ್ರಿ, ನಮ್ಮ ಮನ್ಯಾಗ ಅದು ಬ್ಯಾರೆ ಇಲಾಖೆ.

---

ರಾಗಿಇಲಿ · ಸೆಪ್ಟೆಂಬರ್ 2025

ಅಪ್ಡೇಟ್. ಹೋದೆ, ಬಂದೆ, ಇನ್ನೂ ಮಧ್ಯಾಹ್ನ ಮೂರಕ್ಕೆ ನಿದ್ದೆ ಬರ್ತಿದೆ.

ಮೊದಲು ಇಲಿ ವಿಷಯ. ಯಾವ ಇಲಿಗೆ ರಾಗಿ ಅಂತ ಗೊತ್ತಿಲ್ದೆ ಅಳೆದಾಗ್ಲೂ ಬಿಪಿ ಇಳಿದಿದೆ, ಆದ್ರೆ ಮೊದಲಿದ್ದ ಇಳಿತದ ಹತ್ರಹತ್ರ ಅರ್ಧ. ಅಬ್‌ಸ್ಟ್ರ್ಯಾಕ್ಟ್ ಬದಲಾಯಿಸೋಕೆ ಆಗ್ತಿರ್ಲಿಲ್ಲ, ಪೋಸ್ಟರ್‌ನಲ್ಲಿ ಎರಡೂ ಗ್ರಾಫ್ ಪಕ್ಕಪಕ್ಕ ಹಾಕಿ ಯಾಕೆ ಹೀಗಾಯ್ತು ಅಂತ ಬರೆದೆ. ಗೈಡು ಬೇಡ ಅಂದ್ರು, ಹಾಕಿದೆ.

ಒಗ್ಗರಣೆ ಸಾರ್ ನಿಮ್ಮ ಬಾಯಲ್ಲಿ ಏನಿದೆಯೋ. ಬೋರ್ಡಿಗೆ ನಾಲ್ಕನೇ ಪಿನ್ ಚುಚ್ತಿದ್ದೆ, ಬಟ್ಟೆ ಇನ್ನೂ ಒಂದು ಕಡೆ ಜೋತಾಡ್ತಿತ್ತು, ಹಿಂದಿಂದ ಒಬ್ಬರು ವಯಸ್ಸಾದವರು ಬಂದು ಟೈಟಲ್ ಕೂಡ ಓದದೆ "ಬಾಲಾನಾ?" ಅಂದ್ರು. ಹೂಂ ಅಂದೆ. ಹೋಗ್ತಾರೆ ಅನ್ಕೊಂಡೆ, ಹೋಗ್ಲಿಲ್ಲ, ಎರಡು ಗ್ರಾಫ್ ಮುಂದೆ ಇಪ್ಪತ್ತು ನಿಮಿಷ ನಿಂತ್ರು. ರಾಗಿ ಅಂದ್ರೆ ಏನು ಅಂತ ಕೊನೇವರೆಗೂ ಕೇಳ್ಲೇ ಇಲ್ಲ! ಎಷ್ಟು ದಿನ ಅಭ್ಯಾಸ ಮಾಡಿಸ್ದೆ, ರೂಮ್ ಎಷ್ಟು ಬಿಸಿ ಇತ್ತು, ಯಾವ ಹೊತ್ತಲ್ಲಿ, ಕೈಗೆ ಗ್ಲೌಸ್ ಇತ್ತಾ, ಇವೇ. ಹೋಗೋವಾಗ ಆರು ಇಲಿಗಾದ್ರೂ ಟ್ರಾನ್ಸ್‌ಮಿಟರ್ ಹಾಕೋ ಲ್ಯಾಬ್ ಹುಡುಕ್ಕೋ ಅಂತ ಕಾರ್ಡ್ ಕೊಟ್ಟು ಹೋದ್ರು. ಮಾರನೇ ದಿನ ನೋಡಿದ್ರೆ ಸ್ಟೇಜ್ ಮೇಲೆ ಅವರು.

ತಾಲೂಕ್ ಡಾಕ್ಟ್ರೇ, ಆಗಸ್ಟ್ 14ಕ್ಕೆ ಅಮೆರಿಕಾದ ಹೊಸ ಬಿಪಿ ಗೈಡ್‌ಲೈನ್ ಬಂದಿತ್ತಲ್ಲ, ಕಾಫಿ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಅದೇ. 130/80 ಗುರಿ ಹಾಗೇ ಇಟ್ಟಿದಾರೆ, 140/90 ದಾಟಿದವರಿಗೆ ಎರಡು ಔಷಧಿ ಒಂದೇ ಮಾತ್ರೇಲಿ ಶುರು ಮಾಡಿ ಅಂತಾರೆ, ಬಿಪಿ ಇರೋ ಎಲ್ಲರಿಗೂ ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ನೋಡಿ ಅಂತಿದೆ, ನೀವು ಹೇಳಿದ ಪೊಟ್ಯಾಸಿಯಂ ಉಪ್ಪೂ ಅದೇ ಎಚ್ಚರಿಕೆ ಸಮೇತ ಇದೆ. ನಿಮಗೆ ಬೇಕಾದ ಜನಾನೂ ಸಿಕ್ರು, ಕಫ್ ಸೈಜ್ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ನಿಲ್ಲಿಸಲ್ಲ ಅವರು. ಕೈ ಹೇಗೆ ಇಡ್ಬೇಕು ಅಂತ ಚಿತ್ರ ಇರೋ ಒಂದು ಹಾಳೆ ಕೊಟ್ರು, ಸ್ಕ್ಯಾನ್ ಮಾಡಿ ಕಳಿಸ್ತೀನಿ, ಕನ್ನಡದಲ್ಲಿ ಕೆಳಗೆ ಬರೆದು ಓಪಿಡಿ ಗೋಡೆಗೆ ಅಂಟಿಸ್ಕೊಳಿ.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಅಪ್ಪನ್ನ ಸೋಫಾದಿಂದ ಎಬ್ಬಿಸಿ ಊಟದ ಟೇಬಲ್ ಹತ್ರ ಕೂರಿಸಿ, ಟಿವಿ ಆಫ್ ಮಾಡಿ, ಕೈ ಟೇಬಲ್ ಮೇಲೆ ಇಡ್ಸಿ ಐದು ನಿಮಿಷ ಮಾತಾಡ್ಬೇಡಿ ಅಂದಿದ್ದು. ಎರಡು ನಿಮಿಷಕ್ಕೇ "ಅಕ್ಕನ ಬಳೆ ಎಲ್ಲಿ?" ಅಂದ್ರು. ಆ ರೀಡಿಂಗ್ ಲೆಕ್ಕಕ್ಕೆ ತಗೊಂಡಿಲ್ಲ.

---

ತಾಲೂಕ್_ಡಾಕ್ಟರ್

ಹಾಳಿ ಕಳಸು ತಂಗಿ. ಮತ್ತ ಆ ದೊಡ್ಡ ಕಫ್ ಬಿಡಿಯಾಗಿ ಸಿಗತೈತೇನು, ನಮ್ಮ ಮಷಿನಿಗೆ ಕುಂಡ್ರತೈತೋ ಇಲ್ಲೋ ಕೇಳಿದಿಯೇನು? ಇಂಡೆಂಟ್ ಹಾದಿ ಕಾಯಾಂಗಿಲ್ಲ, ಕೈಯಿಂದಾನ ತರಿಸ್ತೀನಿ, ರೇಟ್ ಹೇಳು.